ಪಕ್ಕದ ಮನೆಯ ಹೊಗೆ

"ಇದೇನು ಅಂತ ಕಣ್ಣು ಬಿಟ್ಟು ನೋಡಿ!"

ಅವಳು ಬೀಸಿ ಎಸೆದ ಬಿಳಿ ಚಾದರ ನೇರವಾಗಿ ಅವನ ಮುಖದ ಮೇಲೆ ಹೋಗಿ ಬಿತ್ತು.

ತಿರುಗುವ ಚಕ್ರದ ಮುಂದೆ ಕೂತಿದ್ದ ಕುಂಬಾರನ ಕೈಯಲ್ಲಿ ಆಗಷ್ಟೇ ಮೇಲೇಳುತ್ತಿದ್ದ ಹೂಜಿ ಸೊಟ್ಟಗಾಗಿ ಕುಸಿಯಿತು. ಅವನು ನಿಧಾನವಾಗಿ ಚಾದರ ಸರಿಸಿದ. ಹಸಿಮಣ್ಣಿನ ಬೆರಳ ಗುರುತುಗಳು ಅದರ ಮೇಲೆ ಸಾಲಾಗಿ ಮೂಡಿದವು.

"ಅಯ್ಯೋ! ಇದ್ದ ಮಸಿ ಸಾಲದು ಅಂತ ಮಣ್ಣು ಬೇರೆ ಬಳೀತಿದ್ದೀರಾ?"

"ಮುಖದ ಮೇಲೆ ಎಸೆದರೆ ಕೈಯಲ್ಲದೆ ಇನ್ಯಾವುದರಿಂದ ತೆಗೀಲಿ, ನೀವೇ ಹೇಳಿ?"

ಕೋಪದಲ್ಲಿ ಬಂದವಳಿಗೆ ಎದುರಿನವರು ಕೋಪಿಸಿಕೊಳ್ಳದಿದ್ದರೆ ಎಷ್ಟು ಕಷ್ಟ!

ಅವಳದು ಬಟ್ಟೆ ಒಗೆಯುವ ಕೆಲಸ. ಊರಿನ ದೊಡ್ಡ ಹೋಟೆಲಿನ ಚಾದರ, ದಿಂಬಿನ ಚೀಲ, ಮೇಜಿನ ಬಟ್ಟೆ ಎಲ್ಲ ಬರುವುದು ಇವಳ ಮನೆಗೇ. ಅಪ್ಪ ತೀರಿಕೊಂಡ ಮೇಲೆ ಒಗೆಯುವ ಯಂತ್ರ, ಗಂಜಿ ಹಂಡೆ, ಅಂಗಳದ ತುಂಬ ಎಳೆದು ಕಟ್ಟಿದ ಹಗ್ಗಗಳು ಎಲ್ಲವೂ ಅವಳ ಹೆಗಲಿಗೆ ಬಂದಿದ್ದವು. ಇಸ್ತ್ರಿ ಮಾತ್ರ ಅಮ್ಮನದು. ಬಿಸಿಲಲ್ಲಿ ಒಣಗಿದ ಬಟ್ಟೆಗೆ ಬರುವ ಬಿಳುಪು ಬೇರೆಲ್ಲೂ ಸಿಗುವುದಿಲ್ಲ ಎಂದು ಹೋಟೆಲಿನವರು ಇವಳನ್ನು ಬಿಟ್ಟು ಬೇರೆಯವರ ಕಡೆ ನೋಡುತ್ತಿರಲಿಲ್ಲ.

ಪಕ್ಕದಲ್ಲಿ ಬಹಳ ಕಾಲದಿಂದ ಬೀಗ ಜಡಿದಿದ್ದ ಗೋದಾಮನ್ನು ಈ ಕುಂಬಾರ ಕೊಂಡುಕೊಂಡಿದ್ದ. ಎದೆಮಟ್ಟದ ಗೋಡೆಯ ಆಚೆ ಮಡಕೆ ಸುಡುವ ಆವಿಗೆ ಕಟ್ಟಿದ್ದ. ಇವತ್ತು ಮೊದಲ ಸಲ ಸೌದೆ ತುಂಬಿ ಬೆಂಕಿ ಹಚ್ಚಿದ್ದೇ ತಡ, ಒಣಗುತ್ತಿದ್ದ ಬಟ್ಟೆಯ ಮೇಲೆಲ್ಲ ಕಪ್ಪು ಚುಕ್ಕೆ!

ಅವನು ಎದ್ದು ಹೊರಗೆ ಬಂದ. ಹೊಗೆ ಹೋಗುವ ದಿಕ್ಕು ನೋಡಿದ. ಅವಳ ಹಗ್ಗಗಳನ್ನು ನೋಡಿದ. ಕೊನೆಗೆ ಅವಳನ್ನು ನೋಡಿದ.

"ತಪ್ಪು ನಂದೇ. ಗಾಳಿ ಯಾವ ಕಡೆಗಿದೆ ಅಂತ ನೋಡದೆ ಹಚ್ಚಿಬಿಟ್ಟೆ. ಬನ್ನಿ, ಎಲ್ಲಾನೂ ನಾನೇ ಒಗೆದುಕೊಡ್ತೀನಿ."

ಬಾಯಿಮಾತಿಗೆ ಹೇಳಿದ್ದು ಅಂದುಕೊಂಡಳು. ಅವನು ನಿಜವಾಗಿಯೂ ಬಂದ! ತೋಳು ಮಡಚಿ ಒಗೆಯುವ ಕಲ್ಲಿನ ಮುಂದೆ ನಿಂತ. ಆದರೆ ಅವನು ಒಗೆಯುತ್ತಿದ್ದ ಪರಿ ನೋಡಿ ಅಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅದು ಚಾದರ ಕಣ್ರೀ, ಹಿಟ್ಟು ನಾದಿದ ಹಾಗೆ ನಾದ್ತಿದ್ದೀರಲ್ಲ!" ಎಂದಳು ಅವಳು.

"ನನಗೆ ಗೊತ್ತಿರೋದು ನಾದೋದೊಂದೇ," ಎಂದು ಅವನು ನಕ್ಕ.

ಆ ನಗು... ಅವತ್ತು ಸಂಜೆ ದಿಂಬಿನ ಚೀಲ ಮಡಚುವಾಗಲೂ ಅವಳ ಕಣ್ಣ ಮುಂದೆಯೇ ಇತ್ತು.

ಆಮೇಲೆ ಅದೊಂದು ರೂಢಿಯೇ ಆಯಿತು. ಬೆಳಗಾದರೆ ಅವನು ಗೋಡೆಯ ಹತ್ತಿರ ಬಂದು ಕೇಳುತ್ತಿದ್ದ, "ಇವತ್ತು ಹಚ್ಚಬಹುದಾ?" ಅವಳು ಹಗ್ಗದ ಬಟ್ಟೆ ಯಾವ ಕಡೆಗೆ ಹಾರುತ್ತಿದೆ ನೋಡಿ ಹೂಂ ಅಥವಾ ಊಹೂಂ ಅನ್ನುತ್ತಿದ್ದಳು. ಊಹೂಂ ಅಂದ ದಿನ ಅವನು ಎದುರಾಡುತ್ತಿರಲಿಲ್ಲ. ಮಾತು ಮಾತ್ರ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಅಮ್ಮ ಒಳಗಿನಿಂದ ಕೂಗುವವರೆಗೂ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಗೋಡೆಗೆ ಒರಗಿ ಹೇಳಿದ, "ಒಂದು ನೀಲಿ ಬಣ್ಣಕ್ಕೆ ಎಷ್ಟು ದಿನದಿಂದ ಒದ್ದಾಡ್ತಿದ್ದೀನಿ ಗೊತ್ತಾ? ಆವಿಗೆಯಿಂದ ತೆಗೆದಾಗ ಬರೀ ಬೂದಿ ಬಣ್ಣ. ಅದು ಸರಿಯಾಗಿ ಬಂತು ಅಂದ್ರೆ ಮೊದಲು ನಿಮಗೇ ತೋರಿಸ್ತೀನಿ."

"ನನಗ್ಯಾಕೆ?"

"ನಿಮಗಲ್ಲದೆ ಇನ್ಯಾರಿಗೆ?"

ಅವಳ ಕೆನ್ನೆ ಬಿಸಿಯಾಯಿತು. 'ಬಿಸಿಲಿಗೆ...' ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಹೀಗಿರುವಾಗ ಬಂತು ಆ ಕೆಂಪು ಸ್ಕೂಟರ್.

ಅದರಿಂದ ಇಳಿದವಳು ಪೇಟೆಯಲ್ಲಿ ಪಾತ್ರೆ ಪಿಂಗಾಣಿಗಳ ದೊಡ್ಡ ಅಂಗಡಿ ಇಟ್ಟಿದ್ದವಳು. ಉದ್ದನೆಯ ಓಲೆ, ಎತ್ತಿ ಕಟ್ಟಿದ ಕೂದಲು. ಗೇಟು ಬಡಿಯಲಿಲ್ಲ, ಕೂಗಲಿಲ್ಲ. ತನ್ನದೇ ಮನೆ ಎನ್ನುವಂತೆ ಚಿಲಕ ತೆಗೆದು ಸೀದಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿಲಕಿಲ ನಗು.

ಮರುದಿನವೂ ಅದೇ. ಅದರ ಮರುದಿನವೂ!

"ಯಾರಂತೆ ಅವಳು?" ಅಮ್ಮ ಕೇಳಿದರು.

"ಯಾರಾದರೆ ನನಗೇನಮ್ಮ?" ಎನ್ನುತ್ತ ಅವಳು ಚಾದರವನ್ನು ಎಷ್ಟು ಜೋರಾಗಿ ಹಿಂಡಿದಳೆಂದರೆ ಅಂಚಿನ ಹೊಲಿಗೆ ಬಿಟ್ಟುಹೋಯಿತು.

ಕಿವಿ ಮಾತ್ರ ಗೋಡೆಯ ಆಚೆಗೇ. 'ಅಷ್ಟೊಂದು ನಗೋಕೆ ಏನಿದೆ ಅಲ್ಲಿ? ಮಣ್ಣು, ನೀರು, ಬೂದಿ... ನನ್ನ ಹತ್ತಿರ ಇಷ್ಟು ತಮಾಷೆ ಯಾವತ್ತೂ ಮಾಡಲಿಲ್ಲವಲ್ಲ!'

ಆ ವಾರವೇ ಅದೂ ಕಣ್ಣಿಗೆ ಬಿತ್ತು. ಬಟ್ಟೆ ಹರವಲೆಂದು ಹಗ್ಗದ ಕೆಳಗೆ ನಿಂತಿದ್ದಳು. ಗೋಡೆಯ ಆಚೆ ಅಂಗಡಿಯವಳು ಒಂದು ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಳವಾದ, ಹೊಳೆಯುವ ನೀಲಿ! ಅವನು ಪಕ್ಕದಲ್ಲೇ ನಿಂತಿದ್ದ. ಅವನ ಹಣೆಗೆ ಹತ್ತಿದ್ದ ಮಣ್ಣನ್ನು ಅಂಗಡಿಯವಳು ತನ್ನ ಶಾಲಿನ ತುದಿಯಿಂದ ಒರೆಸಿದಳು.

'ಮೊದಲು ನಿಮಗೇ...' ಅಂದಿದ್ದನಲ್ಲ?

ಅವಳು ಬಟ್ಟೆಯ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋದಳು. ಸಂಜೆ ಅವನು ಗೋಡೆಯ ಹತ್ತಿರ ಬಂದು "ರೀ... ಒಂದು ನಿಮಿಷ..." ಎಂದದ್ದು ಕೇಳಿಸಿತು. ಕಿಟಕಿ ಧಡಾರನೆ ಮುಚ್ಚಿದಳು. ಅಂದಿನಿಂದ ಬೆಳಗಿನ ಮಾತೂ ನಿಂತಿತು. ಅವನು ಕೇಳಿದರೆ ಇವಳು ಬೆನ್ನು ತಿರುಗಿಸುತ್ತಿದ್ದಳು. ಅವನೇ ಆಕಾಶ ನೋಡಿ, ಬಟ್ಟೆ ನೋಡಿ, ಸಂದೇಹವಿದ್ದ ದಿನ ಬೆಂಕಿ ಹಚ್ಚದೆ ಸುಮ್ಮನಾಗುತ್ತಿದ್ದ.

ಹಾಗಿರುವಾಗ ಹೋಟೆಲಿನ ಮ್ಯಾನೇಜರ್ ಬಂದ. ಮದುವೆಯೊಂದಕ್ಕೆ ಇಡೀ ಹೋಟೆಲಿನ ಬಟ್ಟೆ ಒಗೆಸಬೇಕಿತ್ತು. ಸಾಮಾನ್ಯವಾಗಿ ಅವನ ಹಳಸಲು ಜೋಕುಗಳಿಗೆ ಅವಳು ತುಟಿಯನ್ನೂ ಅಲುಗಿಸುತ್ತಿರಲಿಲ್ಲ. ಅವತ್ತು ಮಾತ್ರ ಅಂಗಳದಲ್ಲಿ, ಗೋಡೆಯ ಪಕ್ಕದಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

'ಕೇಳಿಸಲಿ! ನಗೋಕೆ ನನಗೂ ಬರುತ್ತೆ!'

ಕೇಳಿಸಿತು. ಎಷ್ಟರಮಟ್ಟಿಗೆ ಎಂದರೆ, ಸ್ವಲ್ಪ ಹೊತ್ತಿನಲ್ಲೇ ಗೋಡೆಯ ಆಚೆ ದಟ್ಟವಾದ ಕಪ್ಪು ಹೊಗೆ ಎದ್ದಿತು. ಗಾಳಿ ಸೀದಾ ಇವಳ ಅಂಗಳಕ್ಕೇ ಬೀಸುತ್ತಿತ್ತು. ಮದುವೆಗೆಂದು ಒಣಗಿಸಿದ್ದ ಬಟ್ಟೆಯೆಲ್ಲ ನೋಡುತ್ತಿದ್ದಂತೆಯೇ ಬೂದು ಬಣ್ಣಕ್ಕೆ ತಿರುಗಿತು. ಮ್ಯಾನೇಜರನ ಮುಖವೂ!

ಅವಳು ಅಳಲಿಲ್ಲ. ಗೋಡೆಯ ಬುಡಕ್ಕೆ ಹೋಗಿ, ಸೋಪಿನ ನೀರು ಚರಂಡಿಗೆ ಹೋಗುವ ಕೊಳವೆಯನ್ನು ಕಿತ್ತು, ಬುಡದ ಸಂದಿಯಲ್ಲಿ ಅವನ ಕಡೆಗೆ ತಿರುಗಿಸಿಟ್ಟಳು. ಗೋಡೆಯ ಆಚೆ ಅವನು ಸೋಸಿ, ಹದ ಮಾಡಿಟ್ಟಿದ್ದ ಮಣ್ಣಿನ ಗುಂಡಿ ಇತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನವೇ ಅವಳು ಸೋದರಮಾವನ ಮನೆಯಲ್ಲಿದ್ದಳು. ಮಾವ ವಕೀಲರು. ಸೊಸೆಯನ್ನು ಚಿಕ್ಕಂದಿನಿಂದಲೂ ಸಿಡುಕಿ ಎಂದೇ ಕರೆಯುತ್ತಿದ್ದರು.

"ನೋಡು ಸಿಡುಕಿ, ಅವನ ಜಾಗದಲ್ಲಿ ಅವನು ಮಡಕೇನಾದರೂ ಸುಡಲಿ, ಏನಾದರೂ ಸುಡಲಿ. ಆದರೆ ಆ ಹೊಗೆ, ವಾಸನೆ, ಸದ್ದು, ನೀರು ಗಡಿ ದಾಟಿ ಬಂದು, ನಿನ್ನ ಜಾಗದಲ್ಲಿ ನೀನು ನೆಮ್ಮದಿಯಾಗಿ ಇರೋದಕ್ಕೇ ಅಡ್ಡಿಯಾದರೆ ಅದನ್ನ ಖಾಸಗಿ ಉಪದ್ರವ ಅಂತಾರೆ. ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಚಿಕ್ಕಪುಟ್ಟದ್ದು ಎಲ್ಲರೂ ಸಹಿಸಿಕೊಳ್ಳಲೇಬೇಕು. ಸಾಮಾನ್ಯ ಮನುಷ್ಯನಿಗೆ ತಡಕೊಳ್ಳೋಕಾಗದ ಹಾಗಿರಬೇಕು. ನಿನ್ನಂಥವಳ ಮೂಗಿನ ತುದಿ ಕೋಪದ ಅಳತೆ ಅಲ್ಲಿ ನಡೆಯಲ್ಲ."

"ಸದ್ದು ಅಂದ್ಯಲ್ಲ ಮಾವ... ದಿನಾ ಯಾರಾದರೂ ಗೋಡೆ ಆಚೆ ಕಿಲಕಿಲ ಅಂತ ನಗ್ತಾ ಇದ್ದರೆ? ಅದೂ ಉಪದ್ರವಾನಾ?"

ಮಾವ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ನಗೋದಕ್ಕೆ ತಡೆಯಾಜ್ಞೆ ತಂದದ್ದು ನಾನಂತೂ ಕೇಳಿಲ್ಲಮ್ಮ. ಆದರೆ ಒಂದು ಮಾತು. ಅವನು ಬೇಕೂಂತಲೇ, ಹಟಕ್ಕೇ ಹೊಗೆ ಬಿಟ್ಟ ಅಂತ ಸಾಬೀತಾದರೆ ಮುಗೀತು, ಕೇಸು ನಮ್ಮದೇ."

ಹಟಕ್ಕೇ... ಅವಳಿಗೆ ಕೊಳವೆ ನೆನಪಾಯಿತು. ಆದರೆ ಬಾಯಿ ಬಿಡಲಿಲ್ಲ.

ದಾವೆ ಹೂಡಿದ್ದಾಯಿತು. ಅವನ ವಕೀಲರೂ ಸುಮ್ಮನಿರಲಿಲ್ಲ. ಸೋಪಿನ ನೀರು ನುಗ್ಗಿ ಮಣ್ಣೆಲ್ಲ ಹಾಳಾಯಿತೆಂದು ಎದುರು ದೂರು ಹಾಕಿದರು. ಆಮೇಲೆ ಆವಿಗೆ ಉರಿಯಲಿಲ್ಲ. ಅವನ ಮುಖವೂ ಕಾಣಲಿಲ್ಲ. ಬಟ್ಟೆ ಬೆಳ್ಳಗೆ ಒಣಗುತ್ತಿತ್ತು, ಅವಳಿಗೆ ಮಾತ್ರ ಯಾವುದೂ ಬೆಳ್ಳಗೆ ಕಾಣುತ್ತಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಕೆಂಪು ಸ್ಕೂಟರ್ ಬಂದು ನಿಂತದ್ದು ಇವಳ ಮನೆಯ ಮುಂದೆ!

"ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ," ಎಂದಳು ಅಂಗಡಿಯವಳು, ನಗುತ್ತಲೇ.

"ನನಗಾ? ಯಾಕೆ?"

"ಊರಾಚೆ ನನ್ನದೊಂದು ಜಾಗ ಇದೆ. ಸುತ್ತಮುತ್ತ ಒಂದು ಮನೆಯೂ ಇಲ್ಲ. ಅಲ್ಲಿಗೆ ಬನ್ನಿ, ಇಬ್ಬರೂ ಸೇರಿ ದೊಡ್ಡದಾಗಿ ಕೆಲಸ ಶುರು ಮಾಡೋಣ ಅಂತ ನಾನು ಎಷ್ಟು ಸಲ ಕರೆದರೂ ಅವರು ಇಲ್ಲಿಂದ ಅಲುಗಲಿಲ್ಲ. ಈಗ ನೀವು ಕೇಸು ಗೆದ್ದು ಆವಿಗೆ ಮುಚ್ಚಿಸಿದರೆ ಬಂದೇ ಬರ್ತಾರೆ, ಬೇರೆ ದಾರಿಯಿಲ್ಲ." ಒಂದು ಕ್ಷಣ ಅವಳ ನಗು ಮರೆಯಾಯಿತು. "ನಾನು ಬರೀ ಮಡಕೆಗೋಸ್ಕರ ಬರ್ತಿಲ್ಲ ಅಂತ ನಿಮಗೆ ಗೊತ್ತಾಗಿರುತ್ತೆ. ಹೆಣ್ಣಿಗೆ ಹೆಣ್ಣಿನ ಮನಸ್ಸು ಗೊತ್ತಾಗಲ್ವಾ?"

ಸ್ಕೂಟರ್ ಹೋಯಿತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

'ನಾನು ಗೆದ್ದರೆ ಅವಳು ಗೆದ್ದ ಹಾಗೆ... ನಾನೇ ನನ್ನ ಕೈಯಾರೆ ಅವನನ್ನು ಅವಳ ಮನೆಗೆ ಕಳಿಸಿಕೊಟ್ಟ ಹಾಗೆ!'

ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಊಟ ಇಳಿಯಲಿಲ್ಲ. ಅಮ್ಮ ತಟ್ಟೆ ನೋಡಿದರು, ಮಗಳ ಮುಖ ನೋಡಿದರು.

"ನಿನಗೆ ಯಾರ ಮೇಲೆ ಕೋಪ? ಹೊಗೆ ಮೇಲೋ, ಅವಳ ಮೇಲೋ?"

"ಎರಡೂ ಒಂದೇ ಅಮ್ಮ!"

"ಒಂದೇ ಅಲ್ಲ ಪುಟ್ಟಾ. ಒಂದಕ್ಕೆ ಕೋರ್ಟಿದೆ. ಇನ್ನೊಂದಕ್ಕೆ ನೀನೇ ಬಾಯಿ ಬಿಡಬೇಕು."

ಕೋರ್ಟಿನ ಆ ಕೋಣೆ ಚಿಕ್ಕದು. ಮೇಲೆ ಗರಗರ ಸದ್ದಿನ ಫ್ಯಾನು. ನ್ಯಾಯಾಧೀಶರ ಪೀಠದಲ್ಲಿ ನರೆಗೂದಲಿನ ಹೆಂಗಸು, ಕಡಿಮೆ ಮಾತಿನವರು. ಹಿಂದಿನ ಬೆಂಚಿನಲ್ಲಿ ಓಲೆ ಅಲುಗಿಸುತ್ತ ಅಂಗಡಿಯವಳು.

ಕಟಕಟೆಗೆ ಮೊದಲು ಹತ್ತಿದ್ದು ಅವಳು. ಹೊಗೆಯ ವಿಷಯ, ಹಾಳಾದ ಬಟ್ಟೆಯ ವಿಷಯ ಎಲ್ಲ ಸರಿಯಾಗಿಯೇ ಹೇಳಿದಳು. ಆಮೇಲೆ ಅವನ ವಕೀಲರು ಎದ್ದರು.

"ನಿಮ್ಮ ಸೋಪಿನ ನೀರು ಗೋಡೆ ದಾಟಿ ಅವರ ಮಣ್ಣಿನ ಗುಂಡಿಗೆ ಹೋಗಿದ್ದು ಹೇಗೆ?"

ಅವಳ ಕಣ್ಣು ತಾನಾಗಿ ಅವನ ಕಡೆ ಹೊರಳಿತು. ಅವನ ಹಿಂದೆಯೇ ಆ ಓಲೆಗಳು!

"ಕೊಳವೆ... ಒಡೆದುಹೋಗಿತ್ತು. ನನಗೆ ಗೊತ್ತೇ ಆಗಲಿಲ್ಲ."

ಅವನು ತಲೆ ತಗ್ಗಿಸಿದ. ಅವಳು ಕೊಳವೆ ಕಿತ್ತದ್ದನ್ನು ಅವನು ಆ ದಿನ ಕಣ್ಣಾರೆ ನೋಡಿದ್ದ. ಯಾರಿಗೂ ಹೇಳಿರಲಿಲ್ಲ. ತನ್ನ ವಕೀಲರಿಗೂ! ತಗ್ಗಿದ ಆ ತಲೆ ಕಂಡಾಗ ಅವಳಿಗೆ ಅದು ತಾನಾಗಿಯೇ ಅರ್ಥವಾಯಿತು.

ಈಗ ಅವನ ಸರದಿ. ಮಾವ ಕೋಟು ಸರಿಪಡಿಸಿಕೊಂಡು ಎದ್ದರು.

"ಆ ದಿನ ನೀವು ಆವಿಗೆ ಹಚ್ಚಿದಾಗ ಗಾಳಿ ಯಾವ ಕಡೆಗಿತ್ತು?"

"ಇವರ ಅಂಗಳದ ಕಡೆಗೆ."

"ಅದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನ ವಕೀಲರು ಗಾಬರಿಯಿಂದ ತಲೆಯೆತ್ತಿದರು. ಇಂಥ ಉತ್ತರವನ್ನು ಮಾವನೂ ನಿರೀಕ್ಷಿಸಿರಲಿಲ್ಲ.

"ಗೊತ್ತಿದ್ದೂ ಹಚ್ಚಿದಿರಾ? ಯಾಕೆ?"

ಅವನು ಕಟಕಟೆಯ ಕಂಬಿ ಹಿಡಿದು ಅವಳ ಕಡೆ ನೋಡಿದ.

"ಉತ್ತರ ಹೇಳಿ," ಎಂದರು ನ್ಯಾಯಾಧೀಶರು.

"ಇವರು... ಇವರು ನನ್ನ ಜೊತೆ ಮಾತು ಬಿಟ್ಟಿದ್ರು ಮೇಡಂ. ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ದಿನಾ ಗೋಡೆ ಹತ್ತಿರ ಬಂದು ನಿಲ್ತಿದ್ದೆ, ತಿರುಗಿ ಕೂಡ ನೋಡ್ತಿರಲಿಲ್ಲ. ಅವತ್ತು ಆ ಹೋಟೆಲ್ ಮ್ಯಾನೇಜರ್ ಜೊತೆ ನಗ್ತಾ ನಿಂತಿದ್ರು. ಅಷ್ಟು ಜೋರಾಗಿ ನಕ್ಕಿದ್ದು ನಾನು ನೋಡೇ ಇರಲಿಲ್ಲ. ಹೊಟ್ಟೆ ಉರಿದುಹೋಯ್ತು. ಏನು ಮಾಡ್ತಿದ್ದೀನಿ ಅಂತ ಗೊತ್ತಿದ್ದೇ ಬೆಂಕಿ ಹಚ್ಚಿದೆ. ತಪ್ಪು ಪೂರ್ತಿ ನಂದು."

ಕೋಣೆಯಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮಾವ ಕೂತು ಅವಳ ಕಿವಿಯಲ್ಲಿ ಪಿಸುಗುಟ್ಟಿದರು, "ಗೆದ್ದೆವು ಕಣೇ! ಬೇಕೂಂತ ಮಾಡಿದೆ ಅಂತ ಅವನೇ ಒಪ್ಪಿಕೊಂಡ!"

ಅವಳಿಗೆ ಅದೊಂದೂ ಕೇಳಿಸಲಿಲ್ಲ. 'ಹೊಟ್ಟೆ ಉರಿದುಹೋಯ್ತು...' ಅದೊಂದೇ ಕಿವಿಯಲ್ಲಿ. ಹಾಗಾದರೆ ಗೋಡೆಯ ಆಚೆಯೂ ಅದೇ ಕೆಂಡವೇ? ಇಷ್ಟು ಜನರ ಮುಂದೆ, ಸೋಲುತ್ತೇನೆಂದು ಗೊತ್ತಿದ್ದೂ ಅವನು ನಿಜ ಹೇಳಿದ. ತಾನೋ?

ನ್ಯಾಯಾಧೀಶರು ಪೆನ್ನು ಕೈಗೆ ತೆಗೆದುಕೊಂಡರು.

"ಮೇಡಂ!"

ಅವಳು ಎದ್ದು ನಿಂತಿದ್ದಳು. ಮಾವ ಅವಳ ಸೆರಗು ಜಗ್ಗಿದರು. ಕೂರಲಿಲ್ಲ.

"ನಾನು ಸುಳ್ಳು ಹೇಳಿದೆ. ಕೊಳವೆ ಒಡೆದಿರಲಿಲ್ಲ, ನಾನೇ ಕಿತ್ತು ಅವರ ಕಡೆ ತಿರುಗಿಸಿದ್ದು. ಅಲ್ಲಿ ಅವರ ಮಣ್ಣು ಇದೆ ಅಂತ ಗೊತ್ತಿದ್ದೇ ಮಾಡಿದೆ."

"ಕಟಕಟೆಯಲ್ಲಿ ಸುಳ್ಳು ಹೇಳೋದು ಎಷ್ಟು ದೊಡ್ಡ ತಪ್ಪು ಗೊತ್ತೇನಮ್ಮ?" ನ್ಯಾಯಾಧೀಶರ ದನಿ ಗಡುಸಾಗಿತ್ತು.

"ಈಗ ಗೊತ್ತಾಯ್ತು. ನೀವು ಏನು ಶಿಕ್ಷೆ ಕೊಟ್ಟರೂ ಸರಿ. ಆದರೆ... ಆವಿಗೆ ಮುಚ್ಚಿಸಬೇಡಿ."

"ಮುಚ್ಚಿಸಿ ಅಂತ ಕೇಳಿಕೊಂಡು ಬಂದವರೇ ನೀವಲ್ವಾ?"

"ಹೌದು... ಹೊಗೆ ಹೋಗಬೇಕು ಮೇಡಂ. ಅವರು ಹೋಗಬಾರದು."

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆ ಎಂದು ತಿಳಿಯಿತು. ಮುಖವೆಲ್ಲ ಕೆಂಪಾಯಿತು. ಮಾವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಕಟಕಟೆಯಲ್ಲಿ ನಿಂತವನು ಮಾತ್ರ ಅವಳನ್ನೇ ನೋಡುತ್ತಿದ್ದ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ತಪ್ಪನ್ನ ತಾವಾಗಿ ಒಪ್ಪಿಕೊಂಡಿದ್ದಾರೆ ಅಂತ ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತಿದ್ದೀನಿ. ಹೊಗೆ ಅವರ ಅಂಗಳಕ್ಕೆ ಹೋಗೋದು ತಪ್ಪು. ನೀರು ಇವರ ಗುಂಡಿಗೆ ಹೋಗೋದೂ ತಪ್ಪು. ಇಬ್ಬರೂ ಹೊರಗೆ ಹೋಗಿ ಮಾತಾಡಿಕೊಂಡು ಬನ್ನಿ. ರಾಜಿ ಆಗುತ್ತೆ ಅಂತ ನನಗನ್ನಿಸುತ್ತೆ."

ಹೊರಗೆ ಅಂಗಡಿಯವಳು ಆಗಲೇ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಕಣ್ಣಂಚು ಒದ್ದೆಯಾಗಿತ್ತು. ಬೆನ್ನು ಮಾತ್ರ ನೇರವಾಗಿತ್ತು.

"ಮಡಕೆ ಕಳಿಸೋದು ನಿಲ್ಲಿಸಬೇಡಿ. ವ್ಯಾಪಾರ ವ್ಯಾಪಾರವೇ," ಎಂದು ಅವನಿಗೆ ಹೇಳಿ ಇಳಿದು ಹೋದಳು.

ಅವಳು ಹೋದ ದಾರಿಯನ್ನೇ ಇವಳು ನೋಡುತ್ತ ನಿಂತಳು. ಗೆದ್ದೆ ಎನಿಸಲಿಲ್ಲ. ಆದರೆ ಎದೆಯ ಉರಿ ಪೂರ್ತಿ ಆರಿಯೂ ಇರಲಿಲ್ಲ!

ಉದ್ದನೆಯ ಪಡಸಾಲೆಯ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ಆ ನೀಲಿ ಬಟ್ಟಲು..." ಅವಳು ತಡೆಯಲಾಗದೆ ಕೇಳಿದಳು. "ಮೊದಲು ನನಗೇ ತೋರಿಸ್ತೀನಿ ಅಂದಿದ್ರಿ."

"ಅವರು ಬಂದಾಗ ಆವಿಗೆಯ ಬಾಯಿ ತೆಗೀತಿದ್ದೆ. ನಾನು ಬೇಡ ಅನ್ನೋ ಮೊದಲೇ ಕೈಗೆ ತಗೊಂಡ್ರು. ಸಂಜೆ ನಿಮಗೆ ತೋರಿಸೋಕೆ ಅಂತ ಬಂದೆ. ನೀವು ಕಿಟಕಿ ಮುಚ್ಚಿದ್ರಿ."

"ಹಣೆ ಒರೆಸಿದ್ದು?"

"ಅದನ್ನೂ ನೋಡಿದ್ರಾ?!"

"ಎಲ್ಲಾನೂ ನೋಡಿದೀನಿ!"

"ಒರೆಸಿದಾಗ ನಾನು ಹಿಂದೆ ಸರಿದದ್ದು ನೋಡಲಿಲ್ವಾ?"

ಅದನ್ನು ನೋಡುವ ಮೊದಲೇ ಅವಳು ಬುಟ್ಟಿ ಬಿಟ್ಟು ಒಳಗೆ ಓಡಿದ್ದಳು.

"ಅವರು ಊರಾಚೆಯ ಜಾಗಕ್ಕೆ ಕರೆದಾಗ ಯಾಕೆ ಹೋಗಲಿಲ್ಲ?" ದನಿ ಸಣ್ಣಗಾಗಿತ್ತು. "ಅಲ್ಲಿ ಯಾರ ಕಾಟವೂ ಇರ್ತಿರಲಿಲ್ಲ."

"ಬೆಳಿಗ್ಗೆ ಎದ್ದರೆ ಬೈಯೋಕೆ ಅಲ್ಲಿ ನೀವಿರ್ತಿರಲಿಲ್ಲವಲ್ಲ..." ಅವನು ಅವಳ ಕಡೆ ತಿರುಗಿದ. "ನನಗೆ ನೀವು ಅಂದ್ರೆ ಇಷ್ಟ ರೀ. ಅದನ್ನ ನೆಟ್ಟಗೆ ಹೇಳೋಕೆ ಬರದೆ ಬೆಂಕಿ ಹಚ್ಚಿಬಿಟ್ಟೆ."

ಅವಳ ಕಣ್ಣು ತುಂಬಿ ಬಂತು.

"ನನಗೂ ಹೇಳೋಕೆ ಬರಲಿಲ್ಲ. ಕೇಸು ಹಾಕಿಬಿಟ್ಟೆ."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಅತ್ತ ಕೋಣೆಯ ಬಾಗಿಲಿನಿಂದ ಮಾವ ಇಣುಕಿದರು.

"ಏನಪ್ಪಾ, ರಾಜಿಯ ಷರತ್ತುಗಳೇನಾದರೂ ಆಯ್ತಾ? ಒಳಗೆ ಕಾಯ್ತಿದ್ದಾರೆ!"

"ಚಿಮಣಿ ಮನೆಗಿಂತ ಎತ್ತರಕ್ಕೆ ಕಟ್ಟಿಸ್ತೀನಿ ಸರ್," ಎಂದ ಅವನು. "ಬಟ್ಟೆ ಒಣಗೋ ಹೊತ್ತಲ್ಲಿ ಆವಿಗೆ ಹಚ್ಚಲ್ಲ."

"ಕೊಳವೆ ಇವತ್ತೇ ಸರಿ ಮಾಡಿಸ್ತೀನಿ ಮಾವ. ಮಣ್ಣು ಮತ್ತೆ ಸೋಸೋಕೆ ನಾನೂ ಬರ್ತೀನಿ."

"ಕೈ ಕೆಸರಾಗುತ್ತೆ ಕಣೇ ಸಿಡುಕಿ!" ಎಂದು ನಗುತ್ತ ಮಾವ ಒಳಗೆ ಹೋದರು.

ಮತ್ತೆ ಇಬ್ಬರೇ ಆದರು. ನಡುವಿನ ಜಾಗ ಯಾವಾಗ ಕಡಿಮೆಯಾಯಿತೋ ಯಾರೂ ಗಮನಿಸಿರಲಿಲ್ಲ. ಅವನ ಒರಟು ಬೆರಳುಗಳು ಹಿಂಜರಿಯುತ್ತಲೇ ಅವಳ ಬೆರಳುಗಳನ್ನು ಹಿಡಿದವು. ಸೋಪಿನಿಂದ ಸುಕ್ಕುಗಟ್ಟಿದ ತನ್ನ ಕೈಗೆ ಅವಳು ಮೊದಲ ಸಲ ನಾಚಿದಳು. ಆದರೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅವರು ಇನ್ನೂ ಬರ್ತಾರಾ? ಮಡಕೆ ತಗೊಂಡು ಹೋಗೋಕೆ?"

"ಬರ್ತಾರೆ. ಮಾರಬೇಕಲ್ಲ."

"ಬರಲಿ. ಅವರು ಬಂದಾಗ ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ."

"ಈಗಲೂ ಪಕ್ಕದಲ್ಲೇ ಇದ್ದೀರಲ್ಲ," ಅವನ ಕಣ್ಣಲ್ಲಿ ತುಂಟತನ. "ಪಕ್ಕದ ಮನೇಲಿ."

ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು.

"ಮನೇಲಿ ಅಲ್ಲ... ಬರೀ ಪಕ್ಕದಲ್ಲಿ."